ಭೂತಗನ್ನಡಿಯ ಕೆಳಗೊಂದು ಆನೆ

ನನಗೆ ಹಾವೆಂದರೆ ಅಷ್ಟೇನೂ ಭಯವಿಲ್ಲ. ಹಲ್ಲು ಕೀಳುವ ಡಾಕ್ಟರ ಮುಂದೆ ಬಾಯಿ ತೆರೆದು ಕೂತಿದ್ದೇನೆ. ಮಾವನ ಮನೆಯ ಪಂಕ್ತಿಯಲ್ಲಿ ಕೂತು, ನಮ್ಮಮ್ಮನ ಕೈಸಾರೇ ರುಚಿ ಎಂದು ಹೇಳಿ ಜೀವಸಹಿತ ಮನೆಗೆ ಬಂದಿದ್ದೇನೆ. ಆದರೆ ಎರಡು ಬೆರಳಗಲದ ಒಂದು ಭೂತಗನ್ನಡಿಯನ್ನು ನೆನೆದರೆ ಇವತ್ತಿಗೂ ನನ್ನ ಅಂಗೈ ಬೆವರುತ್ತದೆ. ಆ ಗಾಜಿಗೆ ಭೂತದ ಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಅವನೂ ನನ್ನಂತೆ ಹಳೆಯ ನಾಣ್ಯ ಕೂಡಿಡುವ ಚಟದವನೇ ಇದ್ದಿರಬೇಕು.

ತೊಂಬತ್ತರ ದಶಕದ ಮಾತು. ನಮ್ಮದು ದೊಡ್ಡಬಳ್ಳಾಪುರ, ಮಗ್ಗದ ಊರು. ಮಗ್ಗದ ಸದ್ದಿನ ನಡುವೆ ಮಾತು ಕಲಿತವರು ನಾವು, ಗುಟ್ಟು ಹೇಳಿದರೂ ಮೂರು ಮನೆಗೆ ಕೇಳಿಸುತ್ತದೆ. ಹಾಗಾಗಿ ದೇವನಹಳ್ಳಿಯ ಹಳೇ ಪಾತ್ರೆ ಅಂಗಡಿಯಲ್ಲಿ, ತೂತುಬಿದ್ದ ತಾಮ್ರದ ತಂಬಿಗೆಗಳ ಗುಡ್ಡೆಯ ತಳದಲ್ಲಿ, ನನಗೊಂದು ಆನೆ ಕಾಸು ಸಿಕ್ಕಿದ ಸುದ್ದಿ ಒಂದೇ ದಿನದಲ್ಲಿ ಬೀದಿಯೆಲ್ಲ ಹರಡಿತು. ಹಳೇ ಮೈಸೂರಿನ ತಾಮ್ರದ ಕಾಸು. ಒಂದು ಬದಿಯಲ್ಲಿ ಫಾರ್ಸಿ ಅಕ್ಷರ, ಇನ್ನೊಂದು ಬದಿಯಲ್ಲಿ ಆನೆ. ಸೊಂಡಿಲು, ಬಾಲ ಸ್ಪಷ್ಟ. ಸಾಸಿವೆಗಿಂತ ಸಣ್ಣ ಕಣ್ಣು ಕೂಡ ಕಾಣುತ್ತಿತ್ತು. ನನ್ನ ಡಬ್ಬಿಯಲ್ಲಿದ್ದ ಉಳಿದ ನಾಣ್ಯಗಳೆಲ್ಲ ಅದರ ಮುಂದೆ ಬರೀ ಚಿಲ್ಲರೆ.

ಆದರೆ ನಾಣ್ಯ ಚೆನ್ನಾಗಿದೆ ಎಂದು ಅದರ ಯಜಮಾನ ಹೇಳಿದರೆ ಸಾಲದು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಕ್ಕುಬಿಡುತ್ತಾರೆ. ತಿಳಿದವರೊಬ್ಬರು ನೋಡಿ ದರ್ಜೆ ಬರೆದುಕೊಡಬೇಕು. ಬೆಂಗಳೂರಿನ ಪೇಟೆಯೊಳಗೆ, ಕಡಿದಾದ ಮರದ ಮೆಟ್ಟಿಲ ಮೇಲಿನ ಒಂದು ಕೋಣೆಯಲ್ಲಿ ಅಂಥವರೊಬ್ಬರಿದ್ದರು. ಕಾಲೇಜಿನಲ್ಲಿ ಚರಿತ್ರೆ ಹೇಳಿ ನಿವೃತ್ತರಾದವರು. ನಾವು ನಾಣ್ಯದ ಹುಚ್ಚರು ಅವರ ಬೆನ್ನ ಹಿಂದೆ ಭೂತಗನ್ನಡಿ ರಾಯರು ಎನ್ನುತ್ತಿದ್ದೆವು. ಅವರು ನಾಣ್ಯ ನೋಡಿ, ರಟ್ಟಿನ ಚೌಕದೊಳಗೆ ಕೂರಿಸಿ, ಕೆಂಪು ಶಾಯಿಯಲ್ಲಿ ‘ಫೈನ್’, ‘ವೆರಿ ಫೈನ್’, ‘ಎಕ್ಸ್‌ಟ್ರೀಮ್ಲಿ ಫೈನ್’ ಎಂದು ಬರೆದು ಸಹಿ ಹಾಕುತ್ತಿದ್ದರು. ನೀವು ಮೋಸಹೋಗಬೇಡಿ. ಆ ಲೋಕದಲ್ಲಿ ಬರೀ ‘ಫೈನ್’ ಎಂದರೆ, ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ‘ಊರಿಗೆ ಹೋಗಿ ಕಾಗದ ಬರೀತೀವಿ’ ಎಂದ ಹಾಗೆ.

ಮೊದಲ ಸಲ ಹೋದಾಗ ಬಸ್ಸಿನುದ್ದಕ್ಕೂ ನನಗೆ ಎರಡು ಭಯ. ಒಂದು, ಜೇಬುಗಳ್ಳರದು. ಇನ್ನೊಂದು, ಚಿಲ್ಲರೆ ಕೊಡಿ ಎಂದು ಗದರುವ ಕಂಡಕ್ಟರ ಕೈಗೆ ಗಾಬರಿಯಲ್ಲಿ ನಾನೇ ಆನೆಯನ್ನು ಕೊಟ್ಟುಬಿಟ್ಟರೆ? ಬನಿಯನ್ನಿನ ಒಳಜೇಬಿಗೆ ಹಾಕಿ ಪಿನ್ನು ಚುಚ್ಚಿಕೊಂಡಿದ್ದೆ. ಯಲಹಂಕ ದಾಟುವಷ್ಟರಲ್ಲಿ ಪಿನ್ನು ನನ್ನನ್ನೇ ಮೂರು ಸಲ ಚುಚ್ಚಿತ್ತು. ರಾಯರು ಗಾಜನ್ನು ಕಣ್ಣಿಗೆ ಒತ್ತಿ ಬಗ್ಗಿದರು. ನಾನು ಉಸಿರು ಬಿಡಲಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವೂ ಅಷ್ಟು ಹೆದರಿರಲಿಲ್ಲ, ಅವತ್ತು ಫೇಲಾಗುವುದು ಮೊದಲೇ ಗೊತ್ತಿತ್ತು. ‘ವೆರಿ ಫೈನ್’ ಎಂದು ಬರೆದುಕೊಟ್ಟರು. ಮೆಟ್ಟಿಲನ್ನು ಹೇಗೆ ಇಳಿದೆನೋ ನೆನಪಿಲ್ಲ.

ಅಲ್ಲಿಗೆ ಸುಮ್ಮನಿರಬೇಕಿತ್ತು. ಆರು ತಿಂಗಳ ಮೇಲೆ ಬೆಂಗಳೂರಿನ ನಾಣ್ಯಪ್ರಿಯರು ಪ್ರದರ್ಶನವೊಂದನ್ನು ಏರ್ಪಡಿಸಿದರು. ‘ವೆರಿ ಫೈನ್’ ಅಥವಾ ಅದಕ್ಕಿಂತ ಮೇಲಿನ ನಾಣ್ಯಕ್ಕೆ ಮಾತ್ರ ಗಾಜಿನ ಪೆಟ್ಟಿಗೆಯಲ್ಲಿ ಜಾಗ, ಪಕ್ಕದಲ್ಲಿ ಯಜಮಾನನ ಹೆಸರಿನ ಚೀಟಿ. ಆದರೆ ರಾಯರ ಸಹಿ ಹೊಸದಾಗಿರಬೇಕು. ಅದೇನು ದೊಡ್ಡದು ಎಂದುಕೊಂಡು, ಪ್ರದರ್ಶನ ನೋಡಲು ಬನ್ನಿ ಎಂದು ನಂದಗುಡಿಯ ಅತ್ತೆಗೆ ಹೇಳಿ ಕಳಿಸಿದೆ. ಸೋಂಪುರದ ಫ್ಯಾಕ್ಟರಿಯಲ್ಲಿದ್ದ ಭಾವಮೈದ ರಜಾ ಬರೆದುಕೊಟ್ಟ. ನನ್ನ ಹೆಂಡತಿ ಸಾವಿತ್ರಿ ಮಾತ್ರ, “ರೀ, ಮೊದ್ಲು ಸಹಿ ಹಾಕಿಸ್ಕೊಂಡು ಬನ್ನಿ, ಆಮೇಲೆ ಡಂಗುರ ಹೊಡೀರಿ” ಅಂದಳು. ಹೆಂಡತಿಯ ಮಾತು ಕೇಳದಿರುವುದು ನಮ್ಮ ಮನೆತನದ ಪದ್ಧತಿ.

ಆ ಭಾನುವಾರ ಮಧ್ಯಾಹ್ನ ಮೋಡ ಕವಿದಿತ್ತು. ಕೋಣೆಯಲ್ಲಿ ಒಂದು ಮಂಕು ಬಲ್ಬು. ರಾಯರು ಬಗ್ಗಿ ನೋಡಿ, “ಬೆನ್ನು ಸವೆದಿದೆ. ಫೈನ್” ಅಂದರು.

“ಸಾರ್, ಹೋದ್ಸಲ ನೀವೇ ವೆರಿ ಫೈನ್ ಅಂತ ಬರ್ಕೊಟ್ಟಿದ್ರಿ...”

“ನೋಡಪ್ಪಾ, ಹೋದ್ಸಲದ್ದು ಹೋದ್ಸಲಕ್ಕೆ. ಈಗ ಕಾಣ್ತಿರೋದನ್ನ ಹೇಳ್ತಿದ್ದೀನಿ.”

ಆರು ತಿಂಗಳು ಹತ್ತಿಯ ಮೇಲೆ ಮಲಗಿದ್ದ ಆನೆ ಯಾವ ಕಾಡಿಗೆ ಹೋಗಿ ಬೆನ್ನು ಉಜ್ಜಿಕೊಂಡು ಬಂತು? ಕೇಳಬೇಕೆನಿಸಿತು. ಆದರೆ ಗಾಜು ಅವರ ಕೈಯಲ್ಲಿತ್ತು. ವಾಪಸ್ಸು ಬರುವ ಬಸ್ಸಿನಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚಾಯಿತು. ನಾನೇ ಗೊತ್ತಿಲ್ಲದೆ ಅದನ್ನು ಸವೆಸಿದೆನೇ? ಹಬ್ಬದ ದಿನ ಸಾವಿತ್ರಿಯೇನಾದರೂ ದೇವರ ಪಾತ್ರೆಗಳ ಜೊತೆ ಹುಣಸೆಹಣ್ಣು ಹಾಕಿ ತಿಕ್ಕಿದಳೇ? ಭಾವಮೈದನಿಗೆ ಏನು ಹೇಳಲಿ? ಊರು ಬರುವುದೇ ಬೇಡ ಎನ್ನಿಸಿತು, ಬಸ್ಸು ಎಂದಿಗಿಂತ ಬೇಗ ತಲುಪಿತು.

ಹಿಂದಿನ ಕಾಲದ ಅರಸರು ನಾಣ್ಯ ಪರೀಕ್ಷೆಗೆಂದೇ ‘ರೂಪದರ್ಶಕ’ ಎಂಬ ಅಧಿಕಾರಿಯನ್ನು ಇಡುತ್ತಿದ್ದರಂತೆ. ಒಳ್ಳೆಯ ನಾಣ್ಯವನ್ನು ಅವನು ಕೆಟ್ಟದ್ದೆಂದರೆ ದಂಡ ಅವನಿಗೇ. ಎಲ್ಲೋ ಓದಿದ ಈ ಮಾತನ್ನು ಆ ರಾತ್ರಿ ಊಟದ ಹೊತ್ತಿಗೆ ಸಾವಿತ್ರಿಗೆ ನಾಲ್ಕು ಸಲ ಹೇಳಿದೆ. ಐದನೆಯ ಸಲಕ್ಕೆ ಅವಳು ಮಜ್ಜಿಗೆ ಬಡಿಸಿಬಿಟ್ಟಳು.

ಇಷ್ಟು ಹೊತ್ತು ನಾನು ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೇನೆ. ನನ್ನ ಹೊಟ್ಟೆಪಾಡು. ಆಗಲೂ ಈಗಲೂ ನಾನು ಸೀರೆ ವ್ಯಾಪಾರದ ಸಾಹುಕಾರರೊಬ್ಬರ ಅಂಗಡಿಯಲ್ಲಿ ಸೀರೆ ನೋಡುವ ಕೆಲಸದವನು. ಸಾಹುಕಾರರು ನೂಲು ಕೊಡುತ್ತಾರೆ, ನೇಯುವವರು ಮನೆಯ ಮಗ್ಗದಲ್ಲಿ ನೇಯ್ದು ತರುತ್ತಾರೆ, ನಾನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತೇನೆ. ಎಳೆ ತಪ್ಪಿದೆಯೇ, ಅಂಚು ಸೊಟ್ಟಗಿದೆಯೇ, ಜರಿ ಎದ್ದಿದೆಯೇ. ಚೆನ್ನಾಗಿದ್ದರೆ ‘ಫಸ್ಟ್’. ಇಲ್ಲವಾದರೆ ಸೀರೆಯ ಮೂಲೆಗೆ ಒಂದು ಕೆಂಪು ದಾರ ಕಟ್ಟಿ ವಾಪಸ್ಸು. ಸತತ ಮೂರು ಕೆಂಪು ದಾರವಾದರೆ ಆ ಮನೆಗೆ ನೂಲು ನಿಲ್ಲುತ್ತದೆ. ಒಂದು ಫಸ್ಟ್ ಸೀರೆ ತಂದು ತೋರಿಸುವ ತನಕ ಮಗ್ಗ ಆಡುವಂತಿಲ್ಲ. ನೂಲೇ ಇಲ್ಲದೆ ಫಸ್ಟ್ ಸೀರೆ ನೇಯುವುದು ಹೇಗೆ ಎಂದು ನಾವ್ಯಾರೂ ಯೋಚಿಸಿರಲಿಲ್ಲ. ಸೀರೆ ಒಪ್ಪಿಸಿದವರು ಚಪ್ಪಲಿ ಬಿಟ್ಟು ಹೊಸ್ತಿಲ ಆಚೆಯೇ ನಿಲ್ಲುತ್ತಿದ್ದರು, ನನ್ನ ಮುಖ ನೋಡುತ್ತ. ಅದು ಮರ್ಯಾದೆ ಎಂದುಕೊಂಡಿದ್ದೆ.

ರಾಯರು ‘ಫೈನ್’ ಎಂದ ಮರುದಿನ, ಸೋಮವಾರ ಬೆಳಿಗ್ಗೆ ಕರೆಂಟಿರಲಿಲ್ಲ. ಹನುಮಂತಪ್ಪ ಒಂದು ಎಲೆಹಸಿರು ಸೀರೆ ತಂದಿದ್ದ. ನನಗಿಂತ ಹತ್ತು ವರ್ಷ ದೊಡ್ಡವನು, ಆದರೂ ನನ್ನನ್ನು ಅಣ್ಣ ಎನ್ನುತ್ತಿದ್ದ. ಸೀರೆ ಬಿಡಿಸಿದೆ. ಸೆರಗಿನ ಹತ್ತಿರ ಏನೋ ಮಂಕಾಗಿ ಕಂಡಿತು. ಕೆಂಪು ದಾರ ಕಟ್ಟಿದೆ. ಅದು ಅವನಿಗೆ ಸತತ ಮೂರನೆಯದು. ಅವನು ಸೀರೆ ಮಡಿಸಿಕೊಂಡು ಚಪ್ಪಲಿ ಮೆಟ್ಟಿ ಹೋದ.

ಎರಡು ವಾರ ಕಳೆಯಿತು. ಪ್ರದರ್ಶನ ನಾನಿಲ್ಲದೆಯೇ ಮುಗಿಯಿತು. ನಾಣ್ಯದ ಹುಚ್ಚು ಬಿಡುತ್ತದೆಯೇ? ಮತ್ತೊಂದು ಭಾನುವಾರ, ತಡೆಯಲಾರದೆ, ಬೆಳಿಗ್ಗೆಯೇ ರಾಯರ ಮೆಟ್ಟಿಲು ಹತ್ತಿದೆ. ಕಿಟಕಿಯಿಂದ ಒಳ್ಳೆಯ ಬಿಸಿಲು, ಅವರ ಮುಂದೆ ಹಬೆಯಾಡುವ ಕಾಫಿ. ಗಾಜು ಒತ್ತಿ ನೋಡಿ, “ಆಹಾ, ಕಣ್ಣು ನೋಡಯ್ಯಾ!” ಎಂದರು. ಕೆಂಪು ಶಾಯಿ ಬರೆಯಿತು: ‘ಎಕ್ಸ್‌ಟ್ರೀಮ್ಲಿ ಫೈನ್’. ಮುಗಿದುಹೋದ ಮದುವೆಗೆ ಓಲಗ. ಬೈಯಬೇಕಿತ್ತು, ಹಲ್ಲು ಕಿರಿದೆ. ಊರಿಗೆ ಬರುವಾಗ ಪಿನ್ನು ಚುಚ್ಚಿದ್ದೂ ತಿಳಿಯಲಿಲ್ಲ.

ಮರುದಿನ ಹನುಮಂತಪ್ಪ ಬಂದ. ಎಲೆಹಸಿರು ಸೀರೆಯೊಂದನ್ನು ಇಟ್ಟು ಹೊಸ್ತಿಲಾಚೆ ನಿಂತ. ನಾನು ಬೆಳಕಿಗೆ ಹಿಡಿದೆ. ನೇಯ್ಗೆ ಎಷ್ಟು ಸಮ, ಸೆರಗು ಎಷ್ಟು ಚಂದ! “ಫಸ್ಟ್” ಎಂದು ಮಡಿಸಹೊರಟವನ ಹೆಬ್ಬೆರಳಿಗೆ ಮೂಲೆಯಲ್ಲಿ ಏನೋ ತಗುಲಿತು. ಅಂಚಿನೊಳಗೆ ಸಿಕ್ಕಿಕೊಂಡ ಒಂದು ಕೆಂಪು ಎಳೆ. ನಾನೇ ಕಟ್ಟಿದ ದಾರದ ತುಣುಕು.

ತಲೆಯೆತ್ತಿದೆ. ನಾನು ಕಂಡದ್ದನ್ನು ಅವನೂ ಕಂಡಿದ್ದ. ಅಂಥ ಮುಖವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ ಎಂದರೆ ಸುಳ್ಳು. ರಾಯರ ಕೋಣೆಯಲ್ಲಿ, ಅವರ ಬೀರುವಿನ ಗಾಜಿನಲ್ಲಿ, ನೋಡಿದ್ದೆ.

“ಅದೇ ಸೀರೇನಾ?” ಎಂದೆ.

“ಅದೇ ಕಣಣ್ಣ. ನೂಲಿಲ್ದೆ ಹೊಸ್ದೆಲ್ಲಿಂದ ತರ್ಲಿ? ಹದಿನೈದು ದಿನದಿಂದ ಮಗ್ಗ ನಿಂತೈತೆ. ಸದ್ದಿಲ್ದೆ ಮನೇಲಿ ಯಾರ್ಗೂ ನಿದ್ದೆ ಬರ್ತಿಲ್ಲ. ಅವತ್ತು ಕರೆಂಟಿರ್ಲಿಲ್ಲ, ನಿನ್ ಮುಖಾನೂ ಸರಿಯಿರ್ಲಿಲ್ಲ. ಇನ್ನೊಂದ್ಸಲ ನೋಡ್ಲಿ ಅಂತ ಮಡ್ಚಿ ತಂದ್ಬಿಟ್ಟೆ. ತಪ್ಪಾಯ್ತು.”

ತಪ್ಪಾಯ್ತು ಎಂದು ಅವನು ಹೇಳಿದ್ದೇ ನನ್ನನ್ನು ಹೆದರಿಸಿತು. ಆನೆಯ ಬೆನ್ನು ಸವೆದಿರಲಿಲ್ಲ, ಸೀರೆಯ ಎಳೆಯೂ ತಪ್ಪಿರಲಿಲ್ಲ. ಅಷ್ಟು ವರ್ಷಗಳಲ್ಲಿ ಎಷ್ಟು ಸೋಮವಾರ, ಎಷ್ಟು ಸೀರೆಗೆ ಈ ಬೆರಳು ದಾರ ಕಟ್ಟಿತೋ, ಎಷ್ಟು ಮನೆಯ ಮಗ್ಗ ನಿಂತಿತೋ! ನನಗಾದರೋ ಹೋದದ್ದು ಗಾಜಿನ ಪೆಟ್ಟಿಗೆಯಲ್ಲಿ ಒಂದು ಹೆಸರಿನ ಚೀಟಿ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ನನ್ನ ಬಗ್ಗೆಯೇ ದಿಗಿಲಾಯಿತು. ಕೆಂಪು ಎಳೆಯನ್ನು ಉಗುರಿನಿಂದ ಕಿತ್ತು ಜೇಬಿಗೆ ಹಾಕಿಕೊಂಡೆ. ಒಳಗೆ ತಿರುಗಿ, “ಹನುಮಂತಪ್ಪಂದು ಫಸ್ಟ್. ನೂಲು ಕೊಡಿ” ಎಂದೆ.

“ಸರ್ಯಾಗ್ ನೋಡಿದ್ಯೇನಯ್ಯಾ?” ಎಂದರು ಸಾಹುಕಾರರು.

“ಎರಡೆರಡ್ ಸಲ ನೋಡಿದ್ದೀನಿ ಸಾಹುಕಾರ್ರೇ.”

ಅಂದಿನಿಂದ ನನ್ನೊಳಗಿನ ರೂಪದರ್ಶಕನಿಗೆ ನಾನೇ ಒಂದು ದಂಡ ವಿಧಿಸಿಕೊಂಡೆ. ರಾಯರ ಮೆಟ್ಟಿಲು ಮತ್ತೆ ಹತ್ತಲಿಲ್ಲ. ಅವರ ಗಾಜಿನ ಹಿಂದೆ ಇದ್ದದ್ದು ಭೂತವಲ್ಲ, ಮೋಡ ಮತ್ತು ಕಾಫಿ ಎಂದು ತಿಳಿದಮೇಲೆ ಅವರ ಮೇಲಿನ ಸಿಟ್ಟೂ ಇಳಿಯಿತು. ಆನೆಯನ್ನು ಅಂಗಡಿಗೇ ತಂದಿಟ್ಟುಕೊಂಡೆ. ದಿನಾ ಬೆಳಿಗ್ಗೆ, ಸೀರೆ ಮುಟ್ಟುವ ಮೊದಲು, ಅದನ್ನು ಬಾಗಿಲ ಬೆಳಕಿಗೆ ಹಿಡಿಯುತ್ತೇನೆ. ಸೊಂಡಿಲು, ಬಾಲ, ಸಾಸಿವೆ ಕಣ್ಣು ಎಲ್ಲ ನೆಟ್ಟಗೆ ಕಂಡರೆ ಕೆಲಸ ಶುರು. ಬೆನ್ನು ಸವೆದಂತೆ ಕಂಡ ದಿನ ತಲೆನೋವೆಂದು ಹೇಳಿ ದಾರದ ಉಂಡೆಯನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿಯುತ್ತೇನೆ. ಪಾಪ, ಸಾಹುಕಾರರು ನನ್ನ ತಲೆನೋವಿಗೆ ಊರಿನ ಎಲ್ಲ ಕಷಾಯ ಹೇಳಿ ಸೋತರು.

ಹನುಮಂತಪ್ಪನಿಗೆ ಮಾತ್ರ ಒಂದು ದಿನ ನಿಜ ಹೇಳಿಬಿಟ್ಟೆ. ಮಗ್ಗದೂರಿನಲ್ಲಿ ಗುಟ್ಟು ಎಷ್ಟು ಹೊತ್ತು ನಿಂತೀತು? ಈಗ ಸೀರೆ ತಂದವರು ಯಾರೂ ನನ್ನ ಮುಖ ನೋಡುವುದಿಲ್ಲ. ಕಂಕುಳ ಗಂಟನ್ನು ಇಳಿಸದೆ, ಹೊಸ್ತಿಲಾಚೆ ನಿಂತು, ಮೊದಲು ಅದನ್ನೇ ಕೇಳುತ್ತಾರೆ:

“ಅಣ್ಣ, ಇವತ್ತು ಆನೆ ಹೆಂಗೈತೆ?”