ಹಾಡಿನ ತಟ್ಟೆ ಕೊರೆಯುವ ಮಿಸ್ ಐಯೋನಿ

ಕಿಂಗ್‌ಸ್ಟನ್ನಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತಗಡಿನ ಬೇಲಿಯ ಹಿಂದಿನ ಪುಟ್ಟ ಕೋಣೆಯಲ್ಲಿ ಮಿಸ್ ಐಯೋನಿ ಲಮ್ಸ್‌ಡೆನ್ ಹಾಡು ಕೊರೆಯುವ ಖಾಲಿ ಕಪ್ಪು ರೆಕಾರ್ಡ್ ತಟ್ಟೆಯೊಂದನ್ನು ಅಂಚು ಹಿಡಿದು ಯಂತ್ರದ ಮೇಲೆ ಇಡುತ್ತಾರೆ. ಉಳಿದಿರುವುದು ಇದೊಂದೇ. ಮುಂದಿನ ಹಡಗು ಬರುವವರೆಗೆ ಊರಲ್ಲೆಲ್ಲೂ ಖಾಲಿ ತಟ್ಟೆ ಸಿಗುವುದಿಲ್ಲ.

"ಇದು ಕೆಟ್ರೆ ನನ್ ಕಥೆ ಮುಗೀತು, ಮಿಸ್ ಐಯೋನಿ," ಅನ್ನುತ್ತಾನೆ ಕ್ಲಿಫ್ಟನ್ ಪ್ಯೂಸಿ. ಬೀದಿಯಲ್ಲಿ ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನಿಟ್ಟು, ರೆಕಾರ್ಡ್ ಹಾಕಿ ಜನರನ್ನು ಕುಣಿಸುವ 'ಹಿಲ್‌ಟಾಪ್' ಎಂಬ ಸೌಂಡ್ ಸಿಸ್ಟಮ್ ತಂಡ ಅವನದು. ಇವತ್ತು ಸಂಜೆ ಪಕ್ಕದ ಬೀದಿಯ ಅಂಗಳದಲ್ಲಿ 'ಮ್ಯಾಗ್ನೆಟ್' ತಂಡದ ಜೊತೆ ಅವನ ಜಟಾಪಟಿ; ಜನ ಯಾರ ಹಾಡನ್ನು ಮತ್ತೆ ಬೇಕೆನ್ನುತ್ತಾರೋ ಅವರದು ಗೆಲುವು. ಹೋದ ಸಲ ಸೋತಿದ್ದಾನೆ. ಇನ್ನೊಮ್ಮೆ ಸೋತರೆ ಅವನ ಪೆಟ್ಟಿಗೆಗಳ ಮುಂದೆ ಯಾರೂ ಕುಣಿಯುವುದಿಲ್ಲ. ಗೆಲ್ಲಬೇಕಾದರೆ ಬೇರೆ ಯಾರ ಹತ್ತಿರವೂ ಇರದ ಹಾಡು ಬೇಕು, ಆ ಹಾಡಿನೊಳಗೆ ಗಾಯಕ ಅವನ ತಂಡದ ಹೆಸರು ಕೂಗಿರಬೇಕು.

ಗಾಯಕ ಲಿನ್ವಲ್ ಬಂದಿದ್ದಾನೆ. ತೊಂದರೆಯೆಂದರೆ, ಹೋದ ವಾರ ಇದೇ ಧಾಟಿಯ ಇನ್ನೊಂದು ಹಾಡನ್ನು ಅವನು ಮ್ಯಾಗ್ನೆಟ್‌ಗೆ, ಅವರ ಹೆಸರು ಕೂಗಿ, ಹಾಡಿಕೊಟ್ಟಿದ್ದ. ಅಭ್ಯಾಸಕ್ಕೆಂದು ಹಾಡಿದಾಗಲೆಲ್ಲ ನಾಲಿಗೆ ಆ ಹೆಸರಿಗೇ ಜಾರುತ್ತಿದೆ.

"ನನ್ ಮನೇಲಿ ಜೋಳದ ಗಂಜಿ ಕುಡ್ದು ಅವ್ರ ಹೆಸರು ಹೇಳ್ತೀಯೇನೋ!" ಕ್ಲಿಫ್ಟನ್ ರೇಗುತ್ತಾನೆ.

"ಬಾಯಿಗೆ ರೂಢಿ ಆಗ್ಬಿಟ್ಟಿದೆ ಮಾರಾಯ, ಬೈಬೇಡ. ಬೈದಷ್ಟೂ ತಪ್ತೀನಿ."

ಐಯೋನಿಗೆ ಈ ಸಿಟ್ಟು ಸೆಡವು ಹೊಸದಲ್ಲ. ಗಂಡ ಎವರಲ್ಡ್ ತೀರಿಕೊಂಡಾಗ ಯಂತ್ರ ಮಾರಿಬಿಡು ಅಂದವರೇ ಹೆಚ್ಚು. ಹೆಂಗಸು ಕೊರೆದ ತಟ್ಟೆಯಲ್ಲಿ ಬೇಸ್‌ನ ತಗ್ಗು ದನಿ ನಿಲ್ಲುವುದಿಲ್ಲ ಎಂದು ಆಡಿಕೊಂಡವರೂ ಇದ್ದರು. ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಊರಿನ ಸಂಗೀತ ಬೆಳೆದದ್ದನ್ನು ಆಕೆ ಇದೇ ಸ್ಟೂಲಿನ ಮೇಲೆ ಕೂತು ನೋಡಿದ್ದಾರೆ, ಕೇಳಿದವರಿಗೆ ಹೇಳುತ್ತಾರೆ: "ಮೊದ್ಲು ಅಮೆರಿಕದ ರೆಕಾರ್ಡ್ ಹಾಕಿ ಕುಣೀತಿದ್ರು. ಆಮೇಲೆ ನಮ್ಮದೇ ಸ್ಕಾ ಬಂತು, ಕುದುರೆ ಓಟ! ಸೆಖೆ ತಡೀದೆ ಅದು ನಿಧಾನ ಆಯ್ತು, ಬೇಸ್ ಮುಂದಕ್ಕೆ ಬಂತು, ರೆಗ್ಗೆ ಆಯ್ತು. ಗಿಟಾರ್ ನೋಡಿ, ತಾಳದ ಪೆಟ್ಟು ಬೀಳೋವಾಗ ಸುಮ್ನಿರುತ್ತೆ, ನಡುವೆ ಚಕ್ ಅನ್ನುತ್ತೆ. ಬಿಟ್ಟ ಜಾಗದಲ್ಲೇ ಎಲ್ಲಾ ಇರೋದು."

ಸೂಜಿ ಇಳಿಯುತ್ತದೆ. ಮೊದಲೇ ಟೇಪಿನಲ್ಲಿ ಹಿಡಿದಿಟ್ಟ ವಾದ್ಯಗಳ ಜೊತೆ ಲಿನ್ವಲ್ ಹಾಡಿದಂತೆಲ್ಲ ಹಾಡು ನೇರ ತಟ್ಟೆಗೆ ಕೊರೆದುಕೊಳ್ಳುತ್ತದೆ. ಅಳಿಸುವ ಮಾತಿಲ್ಲ. ಐಯೋನಿಯ ಬಲಗೈಯ ಕುಂಚ ಸುರುಳಿಯಾಗಿ ಏಳುವ ಕಪ್ಪು ಎಳೆಗಳನ್ನು ಗುಡಿಸುತ್ತದೆ; ಒಂದೆಳೆ ಸೂಜಿಗೆ ಸಿಕ್ಕಿದರೂ ತಟ್ಟೆ ಹಾಳು. ಎಡಗೈ ಗಾಯಕನ ದನಿಯನ್ನು ಏರಿಸಿ ಇಳಿಸುವ ಗುಂಡಿಯ ಮೇಲಿದೆ. ಕಣ್ಣು ಮಾತ್ರ ಲಿನ್ವಲ್‌ನ ಬಾಯಿಯ ಮೇಲೆ.

ಹೆಸರಿನ ಜಾಗ ಬರುತ್ತದೆ. ಕ್ಲಿಫ್ಟನ್ ಕಣ್ಣು ಮುಚ್ಚಿಕೊಳ್ಳುತ್ತಾನೆ. 'ಹಿ' ಎಂದು ತೆರೆಯಬೇಕಾದ ತುಟಿಗಳು 'ಮ್ಯಾ' ಎಂದು ಮುಚ್ಚಿಕೊಳ್ಳುತ್ತವೆ. ಐಯೋನಿಯ ಎಡಗೈ ಗುಂಡಿಯನ್ನು ಸೊನ್ನೆಗೆ ತಿರುಗಿಸುತ್ತದೆ. ದನಿ ಮಾಯ. ಡ್ರಮ್ಮು, ಬೇಸು ಮಾತ್ರ ಉಳಿದು, ಮುಂದಿನ ಸಾಲಿಗೆ ದನಿ ಮರಳುತ್ತದೆ.

"ಹೆಸರೇ ಇಲ್ವಲ್ಲಾ!" ಕ್ಲಿಫ್ಟನ್ ಅಳುವಂತಾಗಿದ್ದಾನೆ.

"ಶತ್ರು ಹೆಸರೂ ಇಲ್ಲ. ತಗೊಂಡ್ ಹೋಗು."

ಸಂಜೆ ಐಯೋನಿ ಜಟಾಪಟಿಗೆ ಹೋಗುವುದಿಲ್ಲ, ಎಂದೂ ಹೋದವರಲ್ಲ. ಹಿತ್ತಲ ಮೆಟ್ಟಿಲ ಮೇಲೆ ಮೀನು ಹುರಿಯುತ್ತಾ ಕೂರುತ್ತಾರೆ. ತಗಡಿನ ಬೇಲಿ ಬೇಸ್‌ನ ಹೊಡೆತಕ್ಕೆ ನಡುಗತೊಡಗುತ್ತದೆ. ಹಾಡಿನಲ್ಲಿ ಹೆಸರಿನ ಜಾಗ ಹತ್ತಿರವಾದಂತೆ ಅವರ ಕೈ ನಿಲ್ಲುತ್ತದೆ, ಮೀನು ಸೀಯುತ್ತದೆ. ದನಿ ಮಾಯವಾಗುತ್ತದೆ. ಬರೀ ಬೇಸು. ಆ ಖಾಲಿ ಜಾಗಕ್ಕೆ ಇಡೀ ಅಂಗಳ ಒಂದೇ ಬಾಯಲ್ಲಿ "ಹಿಲ್‌ಟಾಪ್!" ಎಂದು ಕೂಗುತ್ತದೆ. ಪಾತ್ರೆಗಳನ್ನು ಬಡಿದು, ಹಾಡು ಮತ್ತೆ ಮೊದಲಿಂದ ಬೇಕೆನ್ನುತ್ತದೆ.

ಐಯೋನಿ ಸೀದ ಮೀನನ್ನು ಮಗುಚುತ್ತಾ ತಮ್ಮಷ್ಟಕ್ಕೇ ಅನ್ನುತ್ತಾರೆ.

"ಹಾಡು ಲಿನ್ವಲ್‌ದು, ಗೆಲುವು ಕ್ಲಿಫ್ಟನ್‌ದು. ಇರ್ಲಿ. ಆ ಖಾಲಿ ಜಾಗ ಇದೆಯಲ್ಲ, ಅದು ನಂದು."