ಕತ್ತರಿ ಅಕ್ಕ ಸೋತ ದಿನ

ನಮಗೆ ಹೊಲಿಗೆ ಕಲಿಸಿದವರನ್ನು ಬೀದಿಯವರೆಲ್ಲ ಕತ್ತರಿ ಅಕ್ಕ ಎನ್ನುತ್ತಿದ್ದರು. ಕೈಯಲ್ಲಿದ್ದ ಕತ್ತರಿಗಿಂತ ನಾಲಿಗೆ ಹರಿತ. ಗಂಡ ತೀರಿಕೊಂಡ ಮೇಲೆ ಔಷಧಿ ಅಂಗಡಿಯ ಮಹಡಿಯಲ್ಲಿ ಕೋಣೆ ಹಿಡಿದು, ಓದನ್ನು ಅರ್ಧಕ್ಕೆ ಬಿಟ್ಟ ನಮ್ಮಂಥ ಹುಡುಗಿಯರಿಗೆ ಕಲಿಸುತ್ತಿದ್ದರು.

ನಾವು ಅಂಚು ಹೊಲಿಯುವಾಗ ಯಾರಾದರೊಬ್ಬಳು ದಿನಪತ್ರಿಕೆಯನ್ನು ಗಟ್ಟಿಯಾಗಿ ಓದಬೇಕಿತ್ತು. “ಕೈಗೆ ಕೆಲಸ ಇದೆ, ಕಿವಿ ಯಾಕೆ ಖಾಲಿ ಕೂತಿರ್ಬೇಕು?” ಎನ್ನುತ್ತಿದ್ದರು. ಮೊದಮೊದಲು ತಡವರಿಸುತ್ತಿದ್ದ ನಾನು ಬರಬರುತ್ತಾ ಬಜೆಟ್ ಸುದ್ದಿಯನ್ನೂ ನೀರು ಕುಡಿದಂತೆ ಓದತೊಡಗಿದೆ.

ಒಂದು ಬೇಸಿಗೆಯಲ್ಲಿ ಅಕ್ಕ, ತರಗತಿಯನ್ನು ಮಧ್ಯಾಹ್ನದಿಂದ ಬೆಳಿಗ್ಗೆಗೆ ಬದಲಿಸೋಣ ಎಂದರು. ಅವರಿಗೆ ಮಂಡಿನೋವು, ಬಿಸಿಲಲ್ಲಿ ಮನೆಯಿಂದ ನಡೆದು ಬಂದು ಮೆಟ್ಟಿಲು ಹತ್ತುವುದು ಕಷ್ಟ. ನಮಗೋ ಬೆಳಿಗ್ಗೆ ಮನೆಗೆಲಸ. ಬಾಯಿಬಿಟ್ಟು ಹೇಳುವವರು ಯಾರು? ನಮ್ಮ ಸಪ್ಪೆ ಮುಖ ನೋಡಿ, ಅವರೇ ಬಿಸ್ಕತ್ತಿನ ಡಬ್ಬಿಯೊಂದನ್ನು ಪರದೆಯ ಹಿಂದಿಟ್ಟರು.

“ಬೆಳಿಗ್ಗೆ ಬೇಕು ಅನ್ನೋರು ಬಿಳಿ ಗುಂಡಿ ಹಾಕಿ, ಬೇಡ ಅನ್ನೋರು ಕರಿ ಗುಂಡಿ. ನಾನೂ ಒಂದು ಹಾಕ್ತೀನಿ. ಯಾರು ಏನು ಹಾಕಿದ್ರಿ ಅಂತ ಕೇಳಲ್ಲ, ನೀವೂ ಹೇಳ್ಬೇಡಿ.”

ಡಬ್ಬಿ ಬೋರಲು ಹಾಕಿದರೆ ಒಂದೇ ಒಂದು ಬಿಳಿ ಗುಂಡಿ! ಅಕ್ಕ ಅದನ್ನೇ ನೋಡುತ್ತಾ ನಿಂತು, ಆಮೇಲೆ ಹೊಟ್ಟೆ ಹುಣ್ಣಾಗುವಂತೆ ನಕ್ಕರು. “ಠೇವಣಿನೂ ಉಳೀಲಿಲ್ವಲ್ರೇ ನಂದು!”

ಮರುದಿನ ಮಧ್ಯಾಹ್ನ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಗೊಣಗಲಿಲ್ಲ. ನಾವೇ ನಾಚಿ, ಸರದಿಯಂತೆ ಕೈಹಿಡಿದು ಕರೆತರತೊಡಗಿದೆವು. ನನ್ನ ಮಾತಿಗೂ ತೂಕವಿದೆಯೆಂದು ನನಗೆ ಗೊತ್ತಾದದ್ದು ಆಗಲೇ.

ಹದಿನೆಂಟು ತುಂಬಿದವರನ್ನು ಅಕ್ಕ ತಾವೇ ಕರೆದೊಯ್ದು ಮತದಾರರ ಪಟ್ಟಿಗೆ ಸೇರಿಸಿದರು. ನನ್ನ ಮೊದಲ ಚುನಾವಣೆಯ ಹಿಂದಿನ ದಿನ ಅಪ್ಪ ಊಟಕ್ಕೆ ಕೂತವರು, “ನಾಳೆ ನಾನು ಹೇಳಿದೋರಿಗೇ ಹಾಕು” ಎಂದರು.

“ಅವರು ನಮ್ಮ ಬೀದಿಗೆ ಏನು ಮಾಡಿದ್ದಾರೆ ಹೇಳಿ ಅಪ್ಪಾ. ಸರಿ ಅನ್ಸಿದ್ರೆ ಹಾಕ್ತೀನಿ.”

ಅಪ್ಪನ ತುತ್ತು ಬಾಯಿಗೆ ಹೋಗದೆ ನಿಂತಿತು. ಅಮ್ಮ ಒಲೆಯತ್ತ ತಿರುಗಿ ನಗು ನುಂಗಿದಳು.

“ಏನೂ ಮಾಡಿಲ್ಲ ಬಿಡು,” ಎಂದರು ಅಪ್ಪ ಕೊನೆಗೆ. “ನಿಂಗೆ ಸರಿ ಕಂಡೋರಿಗೆ ಹಾಕು.”

ಈಗ ನಾನು ವಾರ್ಡಿನ ಸಭೆಗಳನ್ನು ತಪ್ಪಿಸುವುದಿಲ್ಲ. ಕೇಳಿ ಕೇಳಿ ಶಾಲೆಯ ಹಾದಿಗೆ ಬೀದಿದೀಪ ಹಾಕಿಸಿದೆವು. ಸುದ್ದಿ ಹೇಳಲು ಹೋದಾಗ ಅಕ್ಕ ಹಾಸಿಗೆ ಹಿಡಿದಿದ್ದರು.

“ಎಲ್ಲಾ ನಿಮ್ಮಿಂದ ಅಕ್ಕಾ” ಎಂದೆ.

“ಹೊಗಳಿಕೆ ಇರ್ಲಿ. ಪಕ್ಕದ ಬೀದಿ ಮೋರಿ ವಿಚಾರ ಕೇಳಿದ್ಯಾ?”

ಕೇಳಿರಲಿಲ್ಲ. ಮುಂದಿನ ಸಭೆಯಲ್ಲಿ ಕೇಳಿದೆ. ಅಕ್ಕ ಸಿಗದೆ ಹೋಗಿದ್ದರೆ ನಾನು ಇವತ್ತಿಗೂ ಬಾಗಿಲ ಹಿಂದೆ ನಿಂತು ದೊಡ್ಡವರ ಮಾತಿಗೆ ಕಿವಿಗೊಡುತ್ತಿದ್ದೆನೇನೋ.