ತೊಂಬತ್ತೇಳಕ್ಕೆ ನಿಂತ ಮುಳ್ಳು

೨೦೦೭ರಲ್ಲಿ ನಾನು ಜಯನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಯಟಿಷಿಯನ್ ಆಗಿದ್ದೆ. ಹೋಂ ಸೈನ್ಸ್ ಓದಿ ಅಲ್ಲಿಗೆ ಸೇರಿ ಹನ್ನೊಂದು ವರ್ಷವಾಗಿತ್ತು. ಸಕ್ಕರೆ ಕಾಯಿಲೆಯವರಿಗೆ ಅನ್ನ ಎಷ್ಟು, ಕಿಡ್ನಿ ತೊಂದರೆಯವರಿಗೆ ಉಪ್ಪು ಎಷ್ಟು ಎಂದು ಹೇಳುವುದು ದಿನದ ಕೆಲಸ. ಮೇಲಿನ ಮಹಡಿಗಳಲ್ಲಿ ಜಾಗವಿಲ್ಲವೆಂದು ನನಗೆ ನೆಲಮಹಡಿಯಲ್ಲಿ, ಕ್ಯಾಶುವಾಲ್ಟಿಯ ಪಕ್ಕದಲ್ಲಿ ಒಂದು ಕಿರಿದಾದ ಕೋಣೆ ಕೊಟ್ಟಿದ್ದರು. ಸ್ಟ್ರೆಚರ್‌ಗಳ ಸದ್ದಿಗೆ ನಾನು ಬಹಳ ಸಲ ಗೊಣಗಿದ್ದೇನೆ. ಆ ಕೋಣೆ ಬೇರೆಲ್ಲಾದರೂ ಇದ್ದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ.

ಬೊಜ್ಜಿಗೆ ಮಾಡುವ ಬೇರಿಯಾಟ್ರಿಕ್ ಸರ್ಜರಿ ಆಗ ನಮ್ಮಲ್ಲಿ ಹೊಸದು. ಜಠರದ ಮೇಲ್ಭಾಗದಲ್ಲಿ ಒಂದು ಪುಟ್ಟ ಚೀಲದಷ್ಟು ಜಾಗ ಮಾತ್ರ ಉಳಿಸಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ. ಆಮೇಲೆ ಒಂದು ಸಲಕ್ಕೆ ಅರ್ಧ ಕಾಫಿ ಲೋಟದಷ್ಟು ತಿಂದರೆ ಹೊಟ್ಟೆ ತುಂಬಿಬಿಡುತ್ತದೆ. ಹಾಗಾಗಿ ಆ ಅರ್ಧ ಲೋಟವನ್ನು ದಿನಕ್ಕೆ ಐದಾರು ಸಲ ತಿನ್ನಬೇಕು. ಬೇಳೆ, ಮೊಸರು, ಮೊಳಕೆಕಾಳಿನಂಥ ಪ್ರೋಟೀನ್ ಮೊದಲು, ಉಳಿದದ್ದು ಆಮೇಲೆ. ವಿಟಮಿನ್ ಮಾತ್ರೆ ಜೀವನಪೂರ್ತಿ. ಆಪರೇಷನ್ ಸರ್ಜನ್ ಅವರ ಜವಾಬ್ದಾರಿ, ಈ ಅರ್ಧ ಲೋಟಗಳು ನನ್ನವು.

ಆ ವರ್ಷದ ಮಾರ್ಚ್‌ನಲ್ಲಿ ಆಪರೇಷನ್ ಮಾಡಿಸಿಕೊಂಡವರಲ್ಲಿ ಮಹಾದೇವಿ ಒಬ್ಬರು. ಬಾಗಲಕೋಟೆ ಕಡೆಯವರು, ವಯಸ್ಸು ಮೂವತ್ತೊಂಬತ್ತು. ಖಾಸಗಿ ಕಚೇರಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ಕೆಲಸ. ಗಂಡ ಈರಣ್ಣ ಕೊರಿಯರ್ ಆಫೀಸಿನಲ್ಲಿ ಸೂಪರ್‌ವೈಸರ್. ಬಿ.ಟಿ.ಎಂ. ಲೇಔಟಿನಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ. ಸಕ್ಕರೆ ಕಾಯಿಲೆ, ಮಂಡಿನೋವು ಎರಡೂ ಇದ್ದ ಅವರ ತೂಕ ನೂರ ಇಪ್ಪತ್ತಾರು ಕಿಲೋ. ಜೂನ್ ಕೊನೆಯ ಹೊತ್ತಿಗೆ ತೊಂಬತ್ತೇಳಕ್ಕೆ ಇಳಿದಿತ್ತು. "ಮೂರನೇ ಮಾಳಗಿ ತನಕ ಎಲ್ಲೂ ನಿಂದ್ರದ ಹತ್ತಿದೆ ನೋಡ್ರಿ ಮೇಡಂ, ನಮ್ಮ ಮನಿಯವ್ರು ಹಿಂದ ಉಳದ್ರು" ಎಂದು ಗಂಡನ ಎದುರಿಗೇ ಹೇಳಿ ನಕ್ಕಿದ್ದರು.

ಜುಲೈನಲ್ಲಿ ಬಂದಾಗಲೂ ತೊಂಬತ್ತೇಳು. ಎರಡು ವಾರ ಬಿಟ್ಟು ಬಂದಾಗಲೂ ಅಷ್ಟೇ.

"ಕಾಟಾ ಕೆಟ್ಟೈತೇನ್ರಿ?" ಎಂದರು, ನಮ್ಮ ತೂಕದ ಯಂತ್ರವನ್ನು ಬಗ್ಗಿ ನೋಡುತ್ತ.

"ಈಗ ತಾನೇ ಇನ್ನೊಬ್ಬರನ್ನ ತೂಗಿದೀನಿ. ಸರಿಯಾಗೇ ಇದೆ."

ಮಹಾದೇವಿ ಕೆಳಗಿಳಿದು ವಾಚು ತೆಗೆದರು, ಬಳೆ ತೆಗೆದರು, ತಲೆಯ ಕ್ಲಿಪ್ಪನ್ನೂ ತೆಗೆದು ಗಂಡನ ಕೈಗಿಟ್ಟು ಮತ್ತೆ ಹತ್ತಿದರು. ಮುಳ್ಳು ಕದಲಲಿಲ್ಲ. ಆಮೇಲೆ ಪರ್ಸಿನಿಂದ ರೈಲ್ವೆ ಸ್ಟೇಷನ್ನಿನ ತೂಕದ ಯಂತ್ರದ ಚೀಟಿಯೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. "ಇದೂ ಅದನ್ನ ಹೇಳತೈತಿ. ಹಿಂದ ಓದ್ರಿ. ಶೀಘ್ರದಲ್ಲೇ ಶುಭವಾರ್ತೆ ಅಂತ. ಎಲ್ಲೈತ್ರಿ ಶುಭವಾರ್ತೆ?"

ಈ ನಿಲುಗಡೆಯನ್ನು ನಾವು ಪ್ಲಾಟೊ ಎನ್ನುತ್ತೇವೆ. ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತದೆ. ತೂಕ ಸರಸರನೆ ಇಳಿದಾಗ ದೇಹ ತನ್ನ ಖರ್ಚನ್ನು ಕಡಿಮೆ ಮಾಡಿಕೊಳ್ಳುತ್ತದೆ. ಕೆಲವು ವಾರ ಯಂತ್ರದಲ್ಲಿ ಏನೂ ಕಾಣುವುದಿಲ್ಲ, ಹಾಗೆಂದು ಒಳಗೆ ಏನೂ ಆಗುತ್ತಿಲ್ಲ ಎಂದಲ್ಲ. ಇಂಥ ಹೊತ್ತಿನಲ್ಲಿ ಊಟ ಕಡಿಮೆ ಮಾಡಬಾರದು. ಪ್ರೋಟೀನ್ ಸರಿಯಾಗಿ ತೆಗೆದುಕೊಂಡು, ನಡಿಗೆ ಸ್ವಲ್ಪ ಹೆಚ್ಚಿಸಿ, ದಿನಾ ತೂಕ ನೋಡುವುದನ್ನು ಬಿಟ್ಟು ಕಾಯಬೇಕು. ಇದನ್ನೆಲ್ಲ ಹೇಳಿ ಟೇಪು ಹಿಡಿದು ಅವರ ಸೊಂಟ ಅಳೆದೆ. ಹಿಂದಿನ ತಿಂಗಳಿಗಿಂತ ಒಂದೂವರೆ ಇಂಚು ಕಡಿಮೆಯಾಗಿತ್ತು.

"ಟೇಪು ನನಗ ತಿಳೀತೈತ್ರಿ," ಎಂದರು ಮಹಾದೇವಿ. "ನಮ್ಮ ಅತ್ತಿಯವ್ರಿಗೆ ಕಾಟಾನ ಬೇಕು. ಐತವಾರಕ್ಕೊಮ್ಮೆ ಫೋನ್ ಮಾಡಿ ಎಷ್ಟಾತು ಅಂತ ಕೇಳತಾರ. ಹೊಟ್ಟಿ ಕೊಯಿಸ್ಕೊಂಡ್ರೂ ಬಾಯಿ ಕಟ್ಟಲಿಲ್ಲ ಇಕಿ ಅಂತ ಊರಾಗೆಲ್ಲ ಹೇಳ್ಯಾರ್ರಿ. ಆಫೀಸಿನಾಗ ಬಿಸ್ಕಿಟ್ ಡಬ್ಬಿ ಖಾಲಿಯಾದ್ರ ಎಲ್ಲಾರೂ ನನ್ನ ಮಾರಿ ನೋಡತಾರ. ನಾ ಏನ ಕದ್ದ ತಿನ್ನಾಕತ್ತೀನೇನ್ರಿ?"

"ಇಲ್ಲ ಅಂತ ನನಗೆ ಗೊತ್ತು."

"ನಿಮಗ ಗೊತ್ತಿದ್ದು ಏನ ಮಾಡೂದ್ರಿ!" ಎಂದು ಎದ್ದು, ಗಂಡನ ಕೈಯಿಂದ ಬಳೆಗಳನ್ನು ತೆಗೆದುಕೊಂಡರು.

ಆಗಸ್ಟ್‌ನಲ್ಲಿ ಅವರು ಬರಲಿಲ್ಲ. ಫೋನ್ ಮಾಡಿದೆ. ದನಿ ಖುಷಿಯಾಗಿತ್ತು. "ಕಾಟಾ ಇಳೀಲಿಕ್ಕೆ ಹತ್ತೈತ್ರಿ ಮೇಡಂ! ತೊಂಬತ್ತೆರಡಕ್ಕ ಬಂದೈತಿ." ಊಟದ ಬಗ್ಗೆ ಕೇಳಿದರೆ, "ನೀವು ಬರದ ಕೊಟ್ಟಂಗ ಎಲ್ಲಾ ತಿನ್ನಾಕತ್ತೀನ್ರಿ" ಎಂದರು. ಮಾತ್ರೆ? "ಅದೂ." ನನ್ನ ಕೆಲಸದಲ್ಲಿ ಜನ ಹೇಳುವ ಸುಳ್ಳು ಸಾಮಾನ್ಯವಾಗಿ ಒಂದೇ ದಿಕ್ಕಿನದು. ಹೆಚ್ಚು ತಿಂದು ಕಡಿಮೆ ಹೇಳುತ್ತಾರೆ. ತಿನ್ನದೆ ತಿಂದೆನೆಂದು ಹೇಳುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಸೆಪ್ಟೆಂಬರ್ ಮೊದಲ ವಾರದ ಒಂದು ಬೆಳಿಗ್ಗೆ ಸಿಸ್ಟರ್ ಶೈಲಜಾ ನನ್ನ ಬಾಗಿಲಿನಿಂದ ಇಣುಕಿದರು. "ಮೇಡಂ, ಕ್ಯಾಶುವಾಲ್ಟೀಲಿ ಒಬ್ರು ಡಯಟ್ ಮೇಡಂ ಎಲ್ಲಿ ಅಂತ ಕೇಳ್ತಿದಾರೆ. ಹೆಂಡ್ತಿಗೆ ವಾಂತಿ, ಸುಸ್ತು. ಸ್ವಲ್ಪ ಬಂದ್ ಹೋಗಿ."

ಹೋದೆ. ಬಾಗಿಲ ಬಳಿ ಈರಣ್ಣ ನಿಂತಿದ್ದರು. ಒಳಗೆ ಮಂಚದ ಮೇಲೆ ಮಹಾದೇವಿ. ಮುಖ ಇಳಿದಿತ್ತು, ತುಟಿ ಒಣಗಿತ್ತು. ನನ್ನನ್ನು ನೋಡಿ ನಗಲು ಪ್ರಯತ್ನಿಸಿದರು.

"ಬರ್ರಿ ಮೇಡಂ. ಇಬ್ರೂ ಬಂದೀರೇನ್ರಿ?"

ಹಿಂದೆ ಸಿಸ್ಟರ್ ಇರಬಹುದೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ತಮಾಷೆಯೆಂದುಕೊಂಡು ನಕ್ಕೆ. "ನಾನೊಬ್ಬಳೇ ಬಂದಿರೋದು."

"ಮತ್ತ ಬಾಜೂಕ ನಿಂತಾರಲ್ರಿ ನಿಮ್ಮ ಅಕ್ಕಾರು. ಥೇಟ್ ನಿಮ್ಮಂಗ ಅದಾರ."

ಹತ್ತಿರ ಹೋಗಿ ಕಣ್ಣು ನೋಡಿದೆ. ಎರಡೂ ಕಣ್ಣುಗುಡ್ಡೆಗಳು ಒಂದು ಕಡೆ ನಿಲ್ಲಲಾರದೆ ಪಕ್ಕಕ್ಕೆ ಸಣ್ಣಗೆ ಜಿಗಿಯುತ್ತಿದ್ದವು. ನನ್ನ ನಗು ಅಲ್ಲಿಗೆ ನಿಂತಿತು.

"ಆಟೋದಿಂದ ಇಳಿದು ಹೆಂಗ್ ನಡೆದ್ರು?" ಎಂದು ಈರಣ್ಣನನ್ನು ಕೇಳಿದೆ.

"ಕಾಲು ಅಗಲಾ ಮಾಡಿ, ಗ್ವಾಡಿ ಹಿಡಕೊಂಡು ಬಂದ್ಲ್ರಿ. ಕುಡದವ್ರು ಬಂದಂಗ. ಒಂದು ವಾರ ಆತ್ರಿ ವಾಂತಿ ಹತ್ತಿ. ನಿನ್ನೆ ಮನಿ ಹತ್ರದ ಕ್ಲಿನಿಕ್ಕಿಗೆ ಕರಕೊಂಡು ಹೋದೆ, ಎರಡು ಬಾಟ್ಲಿ ಗ್ಲೂಕೋಸ್ ಹಾಕಿದ್ರು. ಹಾಕಿದ ಮ್ಯಾಲೆ ಕಣ್ಣು ಹಿಂಗಾಗ್ಯಾವ್ರಿ. ಇನ್ನೆರಡು ಹಾಕಿದ್ರ ಶಕ್ತಿ ಬರತೈತಿ ಅಂತ ಇಲ್ಲಿಗೆ ಬಂದೀವಿ."

ನಮ್ಮ ಕಡೆ ಗ್ಲೂಕೋಸ್ ಬಾಟಲಿಗೆ ಇರುವ ಮರ್ಯಾದೆ ಯಾವ ಔಷಧಕ್ಕೂ ಇಲ್ಲ. ಜ್ವರಕ್ಕೆ, ಸುಸ್ತಿಗೆ, ಪರೀಕ್ಷೆ ಹತ್ತಿರ ಬಂದ ಮಕ್ಕಳ ನಿಶ್ಶಕ್ತಿಗೆ, ಎಲ್ಲಕ್ಕೂ ಅದೇ. ಡಾಕ್ಟರು ಬೇಡವೆಂದರೂ ಜನ ಕೇಳಿ ಹಾಕಿಸಿಕೊಳ್ಳುತ್ತಾರೆ.

"ಊಟ ಏನು ಮಾಡ್ತಿದ್ರು?"

"ಶ್ರಾವಣ ಅಲ್ರೀ," ಎಂದರು ಈರಣ್ಣ, ನನಗೆ ಅಷ್ಟೂ ತಿಳಿಯದೇ ಎನ್ನುವಂತೆ. "ಒಪ್ಪತ್ತು ಮಾಡತಾಳ. ಒಂದ ಹೊತ್ತು ಉಣ್ಣೂದು. ಊರಾಗ ನಮ್ಮವ್ವ ಭಾಳ ಖುಷಿಯಾಗ್ಯಾಳ್ರಿ. ಸೊಸಿ ಈಗರ ಬಾಯಿ ಕಟ್ಟಿದ್ಲು ಅಂತ."

ಅವರ ಕಡೆ ಬಹಳ ಮನೆಗಳಲ್ಲಿ ಶ್ರಾವಣದುದ್ದಕ್ಕೂ ದಿನಕ್ಕೆ ಒಂದೇ ಊಟ. ಆರೋಗ್ಯವಂತರಿಗೆ ಅದರಿಂದ ತೊಂದರೆಯಿಲ್ಲ, ಆ ಒಂದು ಊಟದಲ್ಲಿ ರೊಟ್ಟಿ, ಪಲ್ಯ, ಅನ್ನ ಎಲ್ಲ ಇರುತ್ತದೆ. ಮಹಾದೇವಿಯ ಒಂದು ಹೊತ್ತೆಂದರೆ ಅರ್ಧ ಕಾಫಿ ಲೋಟ. ಮೂರು ವಾರಕ್ಕೂ ಮೇಲೆ ಅವರು ಅಷ್ಟರಲ್ಲೇ ಇದ್ದರು, ಕೊನೆಯ ವಾರ ಅದೂ ವಾಂತಿಯಾಗುತ್ತಿತ್ತು. ಬರಿಹೊಟ್ಟೆಗೆ ಮಾತ್ರೆ ನುಂಗಿದರೆ ವಾಕರಿಕೆ ಬರುತ್ತದೆಂದು ಮಾತ್ರೆಯನ್ನೂ ಬಿಟ್ಟಿದ್ದರು. ವ್ರತವೆಂದ ಮೇಲೆ ಮನೆಯಲ್ಲಿ ಯಾರೂ ಪ್ರಶ್ನೆ ಕೇಳುವಂತಿರಲಿಲ್ಲ. ಮುಳ್ಳನ್ನು ಕದಲಿಸಲು ಅವರು ಕಂಡುಕೊಂಡ ದಾರಿ ಇದು.

ಈ ಎಲ್ಲ ಮಾತು ನಡೆಯುವಾಗ ಸಿಸ್ಟರ್ ಮಹಾದೇವಿಯ ಕೈಗೆ ಸೂಜಿ ಹಾಕಿ ಬಾಟಲಿ ಜೋಡಿಸಿಯಾಗಿತ್ತು. ನಾನು ತಲೆಯೆತ್ತಿ ಲೇಬಲ್ ಓದಿದೆ. ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್. ಹನಿ ಬೀಳಲು ಶುರುವಾಗಿತ್ತು.

ಸಕ್ಕರೆಯನ್ನು ಉರಿಸಿ ಶಕ್ತಿ ಮಾಡಿಕೊಳ್ಳಲು ದೇಹಕ್ಕೆ ಥಯಮಿನ್, ಅಂದರೆ ಬಿ೧ ವಿಟಮಿನ್ ಬೇಕು. ಅದರ ದಾಸ್ತಾನು ನಮ್ಮಲ್ಲಿ ಕೆಲವೇ ವಾರಗಳದ್ದು. ಅದು ಬರಿದಾದವರಿಗೆ ನೇರವಾಗಿ ಗ್ಲೂಕೋಸ್ ಹರಿಸಿದರೆ ಅಳಿದುಳಿದ ಥಯಮಿನ್ ಕೂಡ ಅದಕ್ಕೇ ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳುತ್ತದೆ. ಕಣ್ಣು ಓಲಾಡುವುದು, ನಡಿಗೆ ತಪ್ಪುವುದು, ಮಾತು ಗೊಂದಲವಾಗುವುದು ಅದರ ಗುರುತುಗಳು. ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು, ಜೀವವೂ ಹೋಗಬಹುದು. ಕಾಲೇಜಿನಲ್ಲಿ ಇದನ್ನು ಪರೀಕ್ಷೆಗೆ ಬರೆದಿದ್ದೆ. ಮನುಷ್ಯರಲ್ಲಿ ನೋಡಿದ್ದು ಅದೇ ಮೊದಲು.

"ಸಿಸ್ಟರ್, ಡ್ರಿಪ್ ನಿಲ್ಸಿ," ಎಂದೆ.

ಶೈಲಜಾ ನನ್ನನ್ನೇ ನೋಡಿದರು. ಕ್ಯಾಶುವಾಲ್ಟಿಯಲ್ಲಿ ಡ್ರಿಪ್ ನಿಲ್ಲಿಸು ಎನ್ನಲು ಡಯಟಿಷಿಯನ್‌ಗೆ ಯಾವ ಅಧಿಕಾರವೂ ಇಲ್ಲ. "ಡಾಕ್ಟ್ರು ಹೇಳಿದಾರೆ ಮೇಡಂ. ಅವ್ರನ್ನ ಕೇಳ್ಬೇಕು."

"ಯಾಕ್ರೀ ನಿಲ್ಲಸ್ತೀರಿ?" ಈರಣ್ಣನ ದನಿ ಏರಿತು. "ಶಕ್ತಿನ ಇಲ್ಲ ಅಕಿಗೆ! ಹಾಕ್ರಿ ಸಿಸ್ಟರ್, ನೀವು ಹಾಕ್ರಿ!"

ಡ್ಯೂಟಿ ಡಾಕ್ಟರ್ ಪರದೆಯ ಆಚೆ ಇನ್ನೊಬ್ಬರ ಗಾಯಕ್ಕೆ ಹೊಲಿಗೆ ಹಾಕುತ್ತಿದ್ದರು. ನಾನು ಅಲ್ಲಿಂದಲೇ ಕೂಗಿದೆ. "ಡಾಕ್ಟ್ರೇ, ಈ ಪೇಷೆಂಟ್‌ಗೆ ಮಾರ್ಚಲ್ಲಿ ಬೈಪಾಸ್ ಆಗಿದೆ. ಹೊಟ್ಟೇದು. ಮೂರು ವಾರದಿಂದ ಸರಿಯಾಗಿ ಊಟ ಇಲ್ಲ. ಎಲ್ಲಾ ಎರಡೆರಡು ಕಾಣ್ತಿದೆ."

ಅವರು ಕೈಗವಸಿನಲ್ಲೇ ಎದ್ದು ಬಂದರು. ಡಾಕ್ಟರಿಗೆ ಈರಣ್ಣ ವಾಂತಿ, ಸುಸ್ತು ಎಂದಷ್ಟೇ ಹೇಳಿದ್ದರು. ಸಣ್ಣ ತೂತುಗಳ ಮೂಲಕ ಮಾಡುವ ಲ್ಯಾಪರೊಸ್ಕೋಪಿ ಆಪರೇಷನ್ನಿನ ಗಾಯದ ಗುರುತು ಹುಣಸೆಬೀಜದಷ್ಟೇ, ಸೀರೆಯ ಕೆಳಗೆ ಯಾರಿಗೂ ಕಾಣುವುದಿಲ್ಲ. ಡಾಕ್ಟರ್ ಮಹಾದೇವಿಯ ಮುಂದೆ ಬೆರಳು ಹಿಡಿದು ಆಚೆ ಈಚೆ ಆಡಿಸಿದರು.

"ಎಷ್ಟು ಬೆರಳು ಅಮ್ಮ?"

"ಯಾವ ಕೈಯಾಂದು ಹೇಳ್ಲಿ?" ಎಂದರು ಮಹಾದೇವಿ. ಡಾಕ್ಟರ್ ಹಿಡಿದಿದ್ದು ಒಂದೇ ಕೈ.

ಡ್ರಿಪ್ಪಿನ ನಳಿಕೆಯಲ್ಲಿ ಹರಿವನ್ನು ತಡೆಯುವ ಒಂದು ಪುಟ್ಟ ಚಕ್ರ ಇರುತ್ತದೆ. ಡಾಕ್ಟರ್ ಕೈ ಚಾಚಿ ಅದನ್ನು ತಿರುಗಿಸಿ ಮುಚ್ಚಿದರು. ಆಮೇಲೆ ಹೇಳಿದರು, "ಥಯಮಿನ್ ತನ್ನಿ. ಮೊದ್ಲು ಅದು. ಆಮೇಲೆ ಬರೀ ಸಲೈನ್, ಗ್ಲೂಕೋಸ್ ಬೇಡ. ಸರ್ಜನ್‌ಗೆ ಫೋನ್ ಮಾಡಿ."

ಕ್ಯಾಶುವಾಲ್ಟಿಯ ಕಪಾಟಿನಲ್ಲಿ ಥಯಮಿನ್ ಇರಲಿಲ್ಲ. ಶೈಲಜಾ ಫಾರ್ಮಸಿಗೆ ಓಡಿದರು. ಆ ಹೊತ್ತಿನಲ್ಲಿ ನಾನು ಮಂಚದ ಪಕ್ಕ ನಿಂತು, ಈಗಾಗಲೇ ಬಿದ್ದ ಹನಿಗಳು ಎಷ್ಟಿರಬಹುದು, ಹಿಂದಿನ ದಿನದ ಎರಡು ಬಾಟಲಿ ಒಳಗೆ ಏನು ಮಾಡಿರಬಹುದು ಎಂದು ಯೋಚಿಸುತ್ತಿದ್ದೆ. ಮಹಾದೇವಿ ನನ್ನ ಕೈ ಹಿಡಿಯಲು ಕೈ ಚಾಚಿದರು. ಅದು ನನ್ನ ಕೈಗೆ ಸಿಗದೆ ಪಕ್ಕದ ಗಾಳಿಯನ್ನು ಹಿಡಿಯಿತು. ಇಂದಿಗೂ ನನ್ನ ಕಣ್ಣ ಮುಂದೆ ಬರುವುದು ಅದೇ, ನನ್ನ ಪಕ್ಕದಲ್ಲಿ ಇಲ್ಲದ ಇನ್ನೊಬ್ಬಳ ಕೈಯನ್ನು ಹುಡುಕುತ್ತಿದ್ದ ಆ ಕೈ.

ಇಂಜೆಕ್ಷನ್ ಬಂತು. ಮರುದಿನದ ಹೊತ್ತಿಗೆ ಕಣ್ಣಿನ ಓಲಾಟ ಬಹುಮಟ್ಟಿಗೆ ನಿಂತಿತ್ತು. ವಾರದೊಳಗೆ ನಾನು ಅವರಿಗೆ ಒಬ್ಬಳೇ ಕಾಣತೊಡಗಿದೆ. ನಡಿಗೆ ಸುಧಾರಿಸಲು ತಿಂಗಳುಗಳು ಬೇಕಾದವು, ಫಿಸಿಯೊಥೆರಪಿಯವರು ಮಗುವಿಗೆ ಕಲಿಸಿದಂತೆ ಕಲಿಸಿದರು. ವಾಂತಿಗೆ ಕಾರಣ ಜಠರದ ಜೋಡಣೆಯ ಜಾಗ ಕಿರಿದಾಗಿದ್ದದ್ದು. ಸರ್ಜನ್ ಅದನ್ನು ಎಂಡೊಸ್ಕೋಪಿಯಲ್ಲಿ ಹಿಗ್ಗಿಸಿದರು. ಆದರೆ ಆ ಶ್ರಾವಣ ಮಹಾದೇವಿಯ ನೆನಪಿಗೆ ಮರಳಲಿಲ್ಲ. ಒಪ್ಪತ್ತು ಹಿಡಿದದ್ದು, ನನ್ನ ಫೋನು, ಆಟೋದಲ್ಲಿ ಬಂದದ್ದು, ಒಂದೂ ಅವರಿಗೆ ಗೊತ್ತಿಲ್ಲ. ಗಂಡ ಹೇಳಿದ್ದನ್ನು ಕೇಳಿ ತಿಳಿದುಕೊಂಡಿದ್ದಾರೆ.

ಬಿಡುಗಡೆಯ ದಿನ ಈರಣ್ಣ ನನ್ನ ಕೋಣೆಗೆ ಬಂದು, ಊರಿಗೆ ಫೋನ್ ಮಾಡಿ ಇನ್ನು ಮೇಲೆ ತೂಕ ಕೇಳಬೇಡವೆಂದು ತಾಯಿಗೆ ಹೇಳಿದೆನೆಂದರು. "ಮತ್ತ ಏನ ಕೇಳಲಿ ಅಂದ್ಲ್ರಿ. ಉಂಡ್ಯಾ ಅಂತ ಕೇಳು ಅಂದೆ."

ಆ ಘಟನೆಯ ನಂತರ ನಾನು ಕೇಳುವ ಪ್ರಶ್ನೆಗಳು ಬದಲಾದವು. ಏನು ತಿಂದಿರಿ ಎನ್ನುವುದಕ್ಕಿಂತ ಮೊದಲು, ಈಗ ಮನೆಯಲ್ಲಿ ಯಾವ ವ್ರತ, ಯಾವ ಉಪವಾಸ ನಡೆಯುತ್ತಿದೆ ಎಂದು ಕೇಳುತ್ತೇನೆ. ಏಕಾದಶಿ, ರಂಜಾನ್, ಶ್ರಾವಣ, ಎಲ್ಲವನ್ನೂ. ತಿನ್ನುವ ಲೋಟವನ್ನು ಮನೆಯಿಂದ ತಂದು ತೋರಿಸಿ ಎನ್ನುತ್ತೇನೆ. ತೂಕ ನಿಂತಿದೆ ಎಂದು ಯಾರಾದರೂ ಅಳುತ್ತ ಬಂದರೆ ನನಗೆ ಹೆದರಿಕೆಯಿಲ್ಲ. ನಿಂತಿದ್ದ ತೂಕ ಇದ್ದಕ್ಕಿದ್ದಂತೆ ಇಳಿಯಿತೆಂದು ನಗುತ್ತ ಫೋನ್ ಮಾಡಿದರೆ ಅದೇ ದಿನ ಆಸ್ಪತ್ರೆಗೆ ಕರೆಸುತ್ತೇನೆ. ಇಳಿಯುವ ಮುಳ್ಳಿಗೆ ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ. ಇಳಿದದ್ದು ಬೊಜ್ಜೋ ಜೀವವೋ ಎಂದು ಹೇಳುವುದು ಆ ಮುಳ್ಳಿನ ಕೆಲಸವಲ್ಲ ಎಂದು ಈ ಕೆಲಸ ನನಗೆ ಕಲಿಸಿತು.

ಮುಂದಿನ ವರ್ಷ ಮಹಾದೇವಿ ತಪಾಸಣೆಗೆ ಬಂದಾಗ ಎಂಬತ್ತಾರು ಕಿಲೋ ಇದ್ದರು, ಮೂರು ತಿಂಗಳಿಂದ ಅಷ್ಟರಲ್ಲೇ. ಬಳೆ ತೆಗೆಯಲಿಲ್ಲ, ಮುಳ್ಳನ್ನು ಬಗ್ಗಿ ನೋಡಲೂ ಇಲ್ಲ. ಇಳಿಯುವಾಗ ಸ್ವಲ್ಪ ಓಲಾಡಿದರು, ನಾನು ಕೈ ಕೊಟ್ಟೆ. ಸರಿಯಾಗಿ ಹಿಡಿದುಕೊಂಡರು. ಕುರ್ಚಿಯಲ್ಲಿ ಕೂತು, ಗಂಡನಿಂದ ಕೇಳಿ ತಿಳಿದ ಕಥೆಯನ್ನು ನೆನೆದು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು:

"ಇವತ್ತ ಒಬ್ರ ಬಂದೀರಿ, ನಿಮ್ಮ ಅಕ್ಕಾರು ಎಲ್ಲ್ಯದಾರ್ರಿ?"

ಈರಣ್ಣ ಜೋರಾಗಿ ನಕ್ಕರು. ಮಹಾದೇವಿಯೂ ನಕ್ಕರು. ನನಗೆ ನಗಲಾಗಲಿಲ್ಲ. ಅವರ ಕೈ ಇನ್ನೂ ನನ್ನ ಕೈಯಲ್ಲಿತ್ತು, ನಾನು ಬಿಡಲಿಲ್ಲ.